ಚಳಿಗಾಲದ ಬಿಸಿತಿಂಡಿಯೂ ಭೋಗೋಪಭೋಗ ಪರಿಮಾಣವೂ

ವ್ರತವೆಂದೊಡನೆ ನಮ್ಮ ಮನಸ್ಸು ಪರ್ವದಿನಗಳ ಕಡೆಗೆ ಹರಿಯುತ್ತದೆ. ಅಷ್ಟಾಹ್ನಿಕ, ದಶಲಕ್ಷಣ, ಅನಂತನ ನೋಂಪಿ, ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ ಇವೆಲ್ಲ ಕಣ್ಣಿಗೆ ಕಾಣುವ ವ್ರತಗಳು. ಅಂದು ಮನೆ ಸಾರಿಸಿರುತ್ತದೆ, ಬಸದಿಯಲ್ಲಿ ಅಭಿಷೇಕವಿರುತ್ತದೆ, ಬಂಧುಬಾಂಧವರೆಲ್ಲ ಉಪವಾಸದಲ್ಲಿರುತ್ತಾರೆ. ಆ ದಿನಗಳಲ್ಲಿ ನಾಲಗೆಯನ್ನು ಬಿಗಿಹಿಡಿಯುವುದು ಅಷ್ಟೊಂದು ಕಷ್ಟವಲ್ಲ. ದಿನವೇ ನಮ್ಮನ್ನು ಕೈಹಿಡಿದು ನಡೆಸುತ್ತದೆ. ಪರ್ವವಲ್ಲದ, ಹೆಸರಿಲ್ಲದ, ಮಾಗಿಯ ಒಂದು ಸಾಧಾರಣ ಸಂಜೆಯಲ್ಲಿ, ಬೀದಿಯ ತಿರುವಿನ ಬಾಣಲೆಯಿಂದ ಎಣ್ಣೆಯ ಕಂಪು ಗಾಳಿಯಲ್ಲಿ ತೇಲಿಬರುವಾಗ ಶ್ರಾವಕನ ಮನಸ್ಸು ಏನು ಹೇಳುತ್ತದೆ ಎಂಬುದು ಬೇರೆಯ ಪ್ರಶ್ನೆ. ಈ ಸಣ್ಣ ಪ್ರಶ್ನೆಯನ್ನೇ ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಲಾಗಿದೆ. ದಿನನಿತ್ಯದ ಚಿಕ್ಕಪುಟ್ಟ ಸುಖಗಳು ವ್ರತಕ್ಕೆ ವೈರಿಗಳೇ? ಅವುಗಳನ್ನು ಬಿಡುವುದೆಂದರೆ ಯಾವುದನ್ನು ಬಿಟ್ಟಂತೆ, ಯಾವುದನ್ನು ಉಳಿಸಿಕೊಂಡಂತೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳು ಜೈನಧರ್ಮಕ್ಕೆ ಹೊಸ ನೆಲವಲ್ಲ. ನಾಗಮಂಗಲ ತಾಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯೂ, ಊರಿಗೆ ಹೆಸರನ್ನೇ ಕೊಟ್ಟ ಬ್ರಹ್ಮದೇವರ ಕಂಬವೂ ಇಂದಿಗೂ ನಿಂತಿವೆ. ಕೃಷ್ಣರಾಜಪೇಟೆಯ ಗಡಿ ದಾಟಿದರೆ ಶ್ರವಣಬೆಳಗೊಳವನ್ನು ಮಡಿಲಲ್ಲಿಟ್ಟುಕೊಂಡ ಚನ್ನರಾಯಪಟ್ಟಣ ತಾಲೂಕು. ಶ್ರೀರಂಗಪಟ್ಟಣದಲ್ಲಿ ಆದಿನಾಥ ಸ್ವಾಮಿಯ ಬಸದಿಯಿದೆ. ಜೈನ ಮನೆಗಳು ಇಲ್ಲಿ ಎಣಿಕೆಗೆ ಸಿಗುವಷ್ಟೇ. ಒಂದೊಂದು ಬೀದಿಯಲ್ಲಿ ಒಂದೆರಡು ಮನೆ, ಸುತ್ತಲೂ ಬೇರೆ ಬೇರೆ ಆಚಾರದ ನೆರೆಹೊರೆ. ಆದಕಾರಣ ಇಲ್ಲಿಯ ಶ್ರಾವಕನ ನಿಯಮವು ದಿನಬೆಳಗಾದರೆ ನೆರೆಯವರ ಅಡುಗೆಯ ಘಮದೊಡನೆಯೇ ಬಾಳಬೇಕು.

ಮಾಗಿಯ ಕಾಲದಲ್ಲಂತೂ ಈ ನಾಡು ತಿನ್ನುವವರ ನಾಡಾಗಿಬಿಡುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬತ್ತದ ಕೊಯ್ಲು, ಕಬ್ಬಿನ ಕಟಾವು. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಹಾಲು, ಅಚ್ಚಿಗೆ ಬೀಳುವ ಮುನ್ನ ಎಲೆಯ ಮೇಲೆ ಸುರಿದು ಕೊಡುವ ಬಿಸಿಬೆಲ್ಲ. ಮಳೆಯಾಶ್ರಯದ ಹೊಲಗಳಿಂದ ಸೊಗಡಿನ ಅವರೆಕಾಯಿ ಸಂತೆಗೆ ಬರುತ್ತದೆ. ಮನೆಮನೆಯ ಜಗಲಿಯ ಮೇಲೆ ಹಿತಕಿದ ಬೇಳೆಯ ರಾಶಿ. ಸಂಕ್ರಾಂತಿಗೆಂದು ಎಳ್ಳು ಹುರಿಯುವ, ಕೊಬ್ಬರಿ ಹೆಚ್ಚುವ ಸಂಭ್ರಮ ಆಗಲೇ ತೊಡಗಿರುತ್ತದೆ. ಇತ್ತ ಪೇಟೆಯಲ್ಲಿ ಹೊತ್ತು ಮುಳುಗುವುದೇ ತಡ, ತಳ್ಳುಗಾಡಿಗಳ ಮುಂದೆ ಜನ ಸೇರುತ್ತಾರೆ. ಮೆಣಸಿನಕಾಯಿ ಬಜ್ಜಿ, ಆಲೂಗಡ್ಡೆ ಬೋಂಡ, ಈರುಳ್ಳಿ ಬೆರೆತ ಮದ್ದೂರು ವಡೆ, ಕಣ್ಣೆದುರಿಗೇ ಬಾಣಲೆಗೆ ಹೆರೆದು ಕರಿದುಕೊಡುವ ಚಿಪ್ಸು. ಕೈಯಲ್ಲಿ ಬಿಸಿ ಪೊಟ್ಟಣ, ಬಾಯಲ್ಲಿ ಊರ ಸುದ್ದಿ. ಕಬ್ಬಿನ ದರ, ನಾಲೆಯ ನೀರು, ಮಗಳ ಮದುವೆ, ಮಗನ ಕೆಲಸ ಎಲ್ಲವೂ ಆ ಬಾಣಲೆಯ ಸುತ್ತ ಮಾತಾಗಿ ಹರಿಯುತ್ತವೆ. ಆ ಗುಂಪಿನಿಂದ ದೂರ ನಿಲ್ಲಬೇಕಾದ ನಮ್ಮ ಹುಡುಗರು ಮನೆಗೆ ಬಂದು ಕೇಳುತ್ತಾರೆ: ಇಷ್ಟು ಚಿಕ್ಕ ಸಂತೋಷದಲ್ಲಿ ಅಷ್ಟು ದೊಡ್ಡ ಪಾಪವೇನಿದೆ?

ಪ್ರಶ್ನೆಯನ್ನು ಗದರಿಸಿ ತಳ್ಳಿಹಾಕುವುದು ಸುಲಭ. ಆದರೆ ಚಿಕ್ಕ ಸುಖಗಳಿಗೆ ಮನುಷ್ಯನ ಬಾಳಿನಲ್ಲಿ ಒಂದು ಸ್ಥಾನವಿದೆಯೆಂಬುದನ್ನು ಮೊದಲು ಒಪ್ಪಿಕೊಂಡು ಮಾತನಾಡುವುದೇ ನ್ಯಾಯ. ಇಂಗ್ಲೆಂಡ್ ದೇಶದಲ್ಲಿ ಚಿಪ್ಸ್ ಎಂದರೆ ಬೆರಳುಗಾತ್ರಕ್ಕೆ ಕೊಯ್ದು ಕರಿದ ಆಲೂಗಡ್ಡೆ. ಊರೂರಿಗೆ ಅದರದೇ ಅಂಗಡಿಗಳು. ಕೊರೆಯುವ ಚಳಿಯಲ್ಲಿ ದುಡಿಮೆ ಮುಗಿಸಿ ಬಂದ ಬಡವನಿಗೆ ಉಪ್ಪು ಮತ್ತು ವಿನೆಗರ್ ಚಿಮುಕಿಸಿದ ಆ ಬಿಸಿ ಪೊಟ್ಟಣವೇ ಸಮಾಧಾನ. ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಸರಕಾರವು ಬೆಣ್ಣೆ, ಸಕ್ಕರೆ, ಮಾಂಸಗಳನ್ನೆಲ್ಲ ಪಡಿತರದ ಚೀಟಿಗೆ ಒಳಪಡಿಸಿದಾಗಲೂ ಈ ಅಂಗಡಿಗಳ ಮೀನು ಮತ್ತು ಚಿಪ್ಸುಗಳನ್ನು ಪಡಿತರದಿಂದ ಹೊರಗೇ ಇಟ್ಟಿತು. ಜನರ ಧೈರ್ಯ ಉಳಿಯಬೇಕಾದರೆ ಇಂಥದೊಂದು ಚಿಕ್ಕ ನೆಮ್ಮದಿಯಾದರೂ ಉಳಿಯಬೇಕೆಂಬ ವಿವೇಕ ಅದರಲ್ಲಿತ್ತು. ಆ ಆಹಾರವು ಜೈನನಿಗೆ ಸರ್ವಥಾ ತ್ಯಾಜ್ಯವೆಂಬುದು ಬೇರೆ ಮಾತು. ಅಲ್ಲಿಯ ಕೆಲವು ಅಂಗಡಿಗಳಲ್ಲಿ ಚಿಪ್ಸನ್ನು ಕರಿಯುವುದೂ ದನದ ಕೊಬ್ಬಿನಲ್ಲಿಯೇ. ಓದಿಗಾಗಿ ಅಲ್ಲಿಗೆ ಹೋದ ನಮ್ಮ ಮಕ್ಕಳು ಇದನ್ನು ಅರಿತಿರಬೇಕು. ಆದರೆ ದಣಿದ ದೇಹಕ್ಕೂ ಒಂಟಿ ಮನಸ್ಸಿಗೂ ಬಿಸಿಯಾದ, ರುಚಿಯಾದ, ನಾಲ್ಕು ಜನರೊಡನೆ ಹಂಚಿ ತಿನ್ನುವ ತುತ್ತೊಂದು ಬೇಕೆನಿಸುವುದು ಎಲ್ಲ ದೇಶಗಳ ಮನುಷ್ಯರಿಗೂ ಸಹಜವೆಂಬುದು ಇದರಿಂದ ಸ್ಪಷ್ಟ.

ನಮ್ಮ ಆಚಾರ್ಯರು ಈ ಸಹಜತೆಯನ್ನು ಕಾಣದವರಲ್ಲ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ವಿಧಿಸಿದ ಗುಣವ್ರತದ ಹೆಸರು ಭೋಗೋಪಭೋಗ ಪರಿಮಾಣ. ಒಮ್ಮೆ ಅನುಭವಿಸಿ ಮುಗಿದುಹೋಗುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಅನುಭವಕ್ಕೆ ಬರುವ ವಸ್ತ್ರಾಭರಣಾದಿಗಳು ಉಪಭೋಗ. ಇವುಗಳಿಗೆ ಪರಿಮಾಣ, ಎಂದರೆ ಅಳತೆ, ಇರಬೇಕೆಂದು ಅವರು ಹೇಳಿದರು. ಅಳತೆಯೆಂಬ ಮಾತನ್ನು ಬಳಸಿದಾಗಲೇ ಗೃಹಸ್ಥನಲ್ಲಿ ಭೋಗವಿರುತ್ತದೆಂಬ ಒಪ್ಪಿಗೆ ಅದರಲ್ಲಿ ಅಡಗಿದೆ. ಈ ವ್ರತದ ಪ್ರಯೋಜನವನ್ನು ತಿಳಿಸುವಾಗಲೂ ರಾಗವನ್ನು ತೆಳುವಾಗಿಸುವುದಕ್ಕಾಗಿ ಎಂದು ಅವರು ಹೇಳುತ್ತಾರೆ. ಒಂದೇ ಏಟಿಗೆ ಕಡಿದುಹಾಕುವುದಕ್ಕಾಗಿ ಎನ್ನುವುದಿಲ್ಲ. ದಪ್ಪನೆಯ ಹಗ್ಗವನ್ನು ಎಳೆಯೆಳೆಯಾಗಿ ಬಿಚ್ಚುತ್ತ ತೆಳ್ಳಗೆ ಮಾಡುವ ಕೆಲಸವಿದು.

ಪುರಾಣದ ನಿದರ್ಶನವೊಂದನ್ನು ನೆನೆಯೋಣ. ಆದಿತೀರ್ಥಂಕರರು ದೀಕ್ಷೆಯನ್ನು ಕೈಕೊಂಡ ತರುವಾಯ ವರ್ಷಕ್ಕೂ ಮಿಕ್ಕಿ ನಿರಾಹಾರರಾಗಿದ್ದರು. ಮುನಿಗೆ ಆಹಾರ ಕೊಡುವ ವಿಧಿಯನ್ನು ಜನ ಅರಿಯರು. ಕೆಲವರು ರತ್ನಗಳನ್ನು ತಂದರು, ಕೆಲವರು ಕನ್ಯೆಯರನ್ನು ತಂದರು. ಕಡೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಪೂರ್ವಜನ್ಮದ ಸ್ಮರಣೆಯಿಂದ ವಿಧಿಯನ್ನು ತಿಳಿದು ಇಕ್ಷುರಸವನ್ನು ಅರ್ಪಿಸಿದನು. ಅಕ್ಷಯತೃತೀಯೆಯ ಮಹಿಮೆ ಇದೇ. ಆ ಮಹೋಪವಾಸದ ಪಾರಣೆಗೆ ಒದಗಿದ್ದು ಕಬ್ಬಿನ ಹಾಲು. ಎಲ್ಲ ರಸಗಳಲ್ಲಿಯೂ ಮಧುರವಾದದ್ದು. ಕಬ್ಬಿನ ಸೀಮೆಯವರಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ಸಿಹಿಯು ಭಗವಂತರ ವೈರಾಗ್ಯವನ್ನು ಕೆಡಿಸಲಿಲ್ಲ. ಅಂಜಲಿಯಲ್ಲಿ ಬಿದ್ದಷ್ಟನ್ನು ಸ್ವೀಕರಿಸಿ ಅವರು ನಡೆದರು; ಮರುದಿನ ಅದೇ ರಸಕ್ಕಾಗಿ ಹಸ್ತಿನಾಪುರದ ಕಡೆಗೆ ತಿರುಗಿ ನೋಡಲಿಲ್ಲ. ಆದುದರಿಂದ ರುಚಿ ತಾನಾಗಿ ದೋಷವೆಂದು ಹೇಳಲು ಆಗದು. ದೋಷವು ಎರಡು ಕಡೆಗಳಿಂದ ಬರುತ್ತದೆ: ಆ ರುಚಿಗಾಗಿ ತೆರಬೇಕಾದ ಪ್ರಾಣಗಳ ಕಡೆಯಿಂದ ಒಂದು, ಆ ರುಚಿಗೆ ಅಂಟಿಕೊಳ್ಳುವ ಮನಸ್ಸಿನ ಕಡೆಯಿಂದ ಇನ್ನೊಂದು. ಅಂಗಡಿಯವನು ಎರಡು ಖಾತೆಗಳ ಲೆಕ್ಕವನ್ನು ಒಂದೇ ಪುಟದಲ್ಲಿ ಬೆರೆಸುವುದಿಲ್ಲ. ಶ್ರಾವಕನೂ ಹಿಂಸೆಯ ಖಾತೆಯನ್ನು, ರಾಗದ ಖಾತೆಯನ್ನು ಬೇರೆಬೇರೆಯಾಗಿಯೇ ಬರೆದಿಟ್ಟುಕೊಳ್ಳಬೇಕು.

ಮೊದಲು ಹಿಂಸೆಯ ಖಾತೆ. ಆಲೂಗಡ್ಡೆಯು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಬೆಳೆ. ಅದನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತಂದದ್ದು 17ನೆಯ ಶತಮಾನದ ಸುಮಾರಿಗೆ. ಕರಾವಳಿಯವರು ಇಂದಿಗೂ ಅದನ್ನು ಬಟಾಟೆ ಎನ್ನುವುದು ಆ ನಂಟಿನ ಗುರುತು. ಸಮಂತಭದ್ರರು ಅದಕ್ಕೆ ಎಷ್ಟೋ ಶತಮಾನಗಳ ಹಿಂದಿನವರು. ಆದ್ದರಿಂದ ಶಾಸ್ತ್ರದಲ್ಲಿ ಆಲೂಗಡ್ಡೆಯ ಹೆಸರೆಲ್ಲಿದೆ ಎಂದು ಕೇಳುವವರಿದ್ದಾರೆ. ಹೆಸರು ಇಲ್ಲದಿರಬಹುದು, ಸೂತ್ರವಿದೆ. ಮೂಲಂಗಿ, ಹಸಿ ಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಇವುಗಳನ್ನು ತ್ಯಜಿಸಬೇಕೆನ್ನುವಾಗ ಆಚಾರ್ಯರು ಕೊಟ್ಟ ಕಾರಣ ಫಲವು ಅಲ್ಪ, ಘಾತವು ಬಹಳ ಎಂಬುದು. ನೆಲದೊಳಗೆ ಬೆಳೆಯುವ ಗಡ್ಡೆಯು ಸಾಧಾರಣ ವನಸ್ಪತಿ. ಒಂದು ಶರೀರವನ್ನು ಆಶ್ರಯಿಸಿ ಅನಂತ ಜೀವಗಳು. ಆಲೂಗಡ್ಡೆಯ ಒಂದೊಂದು ಕಣ್ಣನ್ನೂ ಕೊಯ್ದು ನೆಟ್ಟರೆ ಒಂದೊಂದು ಗಿಡವಾಗುವುದನ್ನು ನೆರೆಯ ಹಾಸನ ಜಿಲ್ಲೆಯ ರೈತರೆಲ್ಲ ಬಲ್ಲರು. ಅಳಿಯದೆ ಕಾಯ್ದುಕೊಂಡ ಜೀವಶಕ್ತಿ ಅದರಲ್ಲಿ ತುಂಬಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕನ್ನಡದ ಹೆಸರಿನಲ್ಲೇ ಗಡ್ಡೆಯೆಂಬ ಮಾತು ಕುಳಿತಿರುವಾಗ ಸಂಶಯಕ್ಕೆ ಎಡೆಯೆಲ್ಲಿ?

ಈ ಖಾತೆಯಲ್ಲಿ ಆಲೂಗಡ್ಡೆಯೊಂದೇ ಇಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಸಚಿತ್ತವನ್ನು ತಿನ್ನುವುದು, ಸಚಿತ್ತದ ಸಂಪರ್ಕವಿದ್ದುದನ್ನು ತಿನ್ನುವುದು, ಸಚಿತ್ತ ಬೆರೆತದ್ದನ್ನು ತಿನ್ನುವುದು, ಮಾದಕವೂ ಉದ್ರೇಕಕರವೂ ಆದುದನ್ನು ತಿನ್ನುವುದು, ಸರಿಯಾಗಿ ಬೇಯದುದನ್ನು ತಿನ್ನುವುದು. ಎಲ್ಲವೂ ತಟ್ಟೆಯ ಮೇಲಿರುವ ವಸ್ತುವಿನ ಪರೀಕ್ಷೆಗಳು. ಅವರೆಕಾಯಿ ಗಡ್ಡೆಯಲ್ಲ, ನಿಜ. ಆದರೆ ಅದರ ಸಿಪ್ಪೆಯೊಳಗೆ ಹುಳುವಿರುತ್ತದೆ. ಒಂದೊಂದು ಕಾಯಿಯನ್ನೂ ಬೆಳಕಿನಲ್ಲಿ ಬಿಡಿಸಿ ನೋಡದೆ ಸಾರಿಗೆ ಸುರಿದರೆ ತ್ರಸಜೀವದ ಘಾತವಾಗುತ್ತದೆ. ಬಜ್ಜಿಯ ಹಿಟ್ಟಿಗೂ ಮರ್ಯಾದೆಯಿದೆ: ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಹಿರಿಯರು ಲೆಕ್ಕ ಹಾಕಿಟ್ಟಿದ್ದಾರೆ. ಚಳಿಗಾಲವೇ ಶ್ರಾವಿಕೆಗೆ ಹೆಚ್ಚು ಅವಕಾಶ ಕೊಡುವ ಋತುವೆಂಬುದು ಇಲ್ಲಿ ಗಮನಾರ್ಹ. ಉದ್ದಿನ ವಡೆಯನ್ನು ಹಸಿ ಮೊಸರಿಗೆ ಹಾಕಿದರೆ ದ್ವಿದಳದೋಷ. ಪೇಟೆಯ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಕಂಡು ಸಮಾಧಾನಪಡುವವರು ಒಂದು ಮಾತನ್ನು ಮರೆಯಬಾರದು. ಆ ಚುಕ್ಕೆ ಸರಕಾರದ ಕಾನೂನಿನಂತೆ ಸಸ್ಯಾಹಾರವೆಂದಷ್ಟೇ ಸಾರುತ್ತದೆ. ಆಲೂಗಡ್ಡೆಗೂ ಈರುಳ್ಳಿಯ ಪುಡಿಗೂ ಬೆಳ್ಳುಳ್ಳಿಯ ಪುಡಿಗೂ ಅದೇ ಹಸಿರು ಚುಕ್ಕೆ. ಒಳಗಿರುವ ಪದಾರ್ಥಗಳ ಸಣ್ಣಕ್ಷರದ ಪಟ್ಟಿಯನ್ನು ಓದಿದಲ್ಲದೆ ನಮ್ಮ ಕೆಲಸ ಮುಗಿಯದು.

ಈಗ ರಾಗದ ಖಾತೆ. ಇದೇ ವ್ರತಕ್ಕೆ ಸಮಂತಭದ್ರರು ಎಣಿಸಿದ ಅತಿಚಾರಗಳು ಬೇರೆ. ವಿಷಯಗಳೆಂಬ ವಿಷದಲ್ಲಿ ಆದರವನ್ನು ಬಿಡದಿರುವುದು. ಹಿಂದೆ ಉಂಡ ಸುಖವನ್ನು ಮತ್ತೆ ಮತ್ತೆ ಸ್ಮರಿಸುವುದು. ಉಣ್ಣುವಾಗ ಅತಿಯಾದ ಲೋಲುಪತೆ. ಮುಂದೆ ಸಿಗಬೇಕಾದುದಕ್ಕಾಗಿ ಅತಿಯಾದ ತೃಷ್ಣೆ. ಕಾಲಮಾನವರಿಯದೆ ಅನುಭವದಲ್ಲಿ ಮುಳುಗುವುದು. ಇವುಗಳಲ್ಲಿ ಒಂದಾದರೂ ತಟ್ಟೆಯ ಮೇಲೆ ಕಾಣುವಂಥದಲ್ಲ. ಇಬ್ಬರು ಆಚಾರ್ಯರಲ್ಲಿ ವಿರೋಧವಿದೆಯೇ? ಇಲ್ಲ. ಒಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಪರೀಕ್ಷಿಸುತ್ತಾರೆ, ಇನ್ನೊಬ್ಬರು ಎದೆಯ ಬಾಗಿಲಲ್ಲಿ ನಿಂತು ಪರೀಕ್ಷಿಸುತ್ತಾರೆ. ಎರಡು ಕಾವಲನ್ನೂ ದಾಟಿದ ತುತ್ತು ಮಾತ್ರ ನಿರ್ದೋಷ.

ನಮ್ಮ ಮನೆಗಳಲ್ಲಿ ಆಗಾಗ ಏಳುವ ಒಂದು ಚರ್ಚೆ ಈ ಎರಡು ಖಾತೆಗಳನ್ನು ಬೆರೆಸುವುದರಿಂದಲೇ ಗೋಜಲಾಗುತ್ತದೆ. ಆಲೂಗಡ್ಡೆಯ ಚಿಪ್ಸನ್ನು ಬಿಟ್ಟವನು ಬಾಳೆಕಾಯಿಯ ಚಿಪ್ಸನ್ನು ಅದೇ ಆಸೆಯಿಂದ ಮೆಲ್ಲುತ್ತಿದ್ದರೆ ಅವನ ತ್ಯಾಗಕ್ಕೆ ಅರ್ಥವೇನು ಎಂದು ಕೆಲವರು ನಗೆಯಾಡುತ್ತಾರೆ. ಹಿಂಸೆಯ ಖಾತೆಯಲ್ಲಿ ಅರ್ಥವಿದೆ, ಪೂರ್ಣವಾಗಿ ಇದೆ. ಅವನ ನಾಲಗೆಯ ಆಸೆ ಎಷ್ಟೇ ಇರಲಿ, ಅನಂತಕಾಯದ ಘಾತವೊಂದು ತಪ್ಪಿತು. ಉಳಿದ ಪ್ರಾಣಕ್ಕೆ ಉಳಿಸಿದವನ ಮನಸ್ಸಿನ ನೈರ್ಮಲ್ಯ ಬೇಕಿಲ್ಲ. ಆದುದರಿಂದ ಬದಲಿ ತಿಂಡಿಯನ್ನು ಹುಡುಕಿಕೊಂಡವನನ್ನು ಹಾಸ್ಯ ಮಾಡುವುದು ಅವಿವೇಕ. ಮಕ್ಕಳಿಗೆ ಬಾಳೆಕಾಯಿಯನ್ನು ಮನೆಯ ಎಣ್ಣೆಯಲ್ಲಿ ಕರಿದುಕೊಡುವ ತಾಯಿ ಧರ್ಮಕಾರ್ಯವನ್ನೇ ಮಾಡುತ್ತಿದ್ದಾಳೆ. ಪೇಟೆಯಲ್ಲಿಯಾದರೆ ಆಲೂಗಡ್ಡೆ ಬೆಂದ ಎಣ್ಣೆಗೇ ಬಾಳೆಕಾಯಿಯೂ ಬೀಳಬಹುದೆಂಬ ಎಚ್ಚರ ಬೇಕು, ಅಷ್ಟೆ.

ಆದರೆ ರಾಗದ ಖಾತೆಯಲ್ಲಿ ಆ ಬದಲಿಯಿಂದ ಒಂದು ಕಾಸೂ ಜಮೆಯಾಗುವುದಿಲ್ಲ. ಷಡ್ರಸಗಳೆನಿಸಿದ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲಸಕ್ಕರೆ, ಉಪ್ಪು ಇವುಗಳಲ್ಲಿ ವಾರಕ್ಕೊಂದು ದಿನ ಒಂದನ್ನು ಬಿಡುವ ವಾಡಿಕೆ ಕೆಲವು ಮನೆಗಳಲ್ಲಿದೆ. ಭಾನುವಾರ ಉಪ್ಪನ್ನು, ಶನಿವಾರ ಎಣ್ಣೆಯನ್ನು ಬಿಡುತ್ತಾರೆ. ಶನಿವಾರ ಎಣ್ಣೆಯನ್ನು ಬಿಟ್ಟು, ಅದರ ಕೊರತೆಯನ್ನು ತುಪ್ಪದ ಕರಿದ ತಿಂಡಿಯಿಂದ ತುಂಬಿಕೊಂಡರೆ ರಸಪರಿತ್ಯಾಗವೆಂಬ ತಪಸ್ಸಿನ ಹೆಸರು ಉಳಿಯಿತು, ತಪಸ್ಸು ಉಳಿಯಲಿಲ್ಲ. ಉಪವಾಸದ ಹಿಂದಿನ ದಿನ ನಾಳೆ ಸಿಗದೆಂದು ಎರಡು ಪಾಲು ಉಣ್ಣುವುದು ಅತಿಲೌಲ್ಯ. ಉಪವಾಸದ ದಿನವೇ ಪಾರಣೆಗೆ ಏನೇನು ಮಾಡಬೇಕೆಂದು ಎಣಿಸುವುದು ಅತಿತೃಷ್ಣೆ. ಬಿಟ್ಟ ತಿಂಡಿಯ ರುಚಿಯನ್ನು ಬಣ್ಣಿಸುತ್ತ ಗಂಟೆಗಟ್ಟಲೆ ಕೂರುವುದು ಅನುಸ್ಮೃತಿ. ಇಲ್ಲಿ ಬಾಯಿ ಬರಿದಾಗಿರುತ್ತದೆ, ಮನಸ್ಸು ತಿನ್ನುತ್ತಲೇ ಇರುತ್ತದೆ.

ಹಾಗಾದರೆ ಮನಸ್ಸೇ ಮುಖ್ಯವಲ್ಲವೇ, ನಿರ್ಲಿಪ್ತನಾಗಿ ಆಲೂಗಡ್ಡೆಯನ್ನು ತಿಂದರೆ ದೋಷವೆಲ್ಲಿ ಎಂದು ಜಾಣರು ಕೇಳಬಹುದು. ಪ್ರಮಾದದಿಂದ ಪ್ರಾಣಗಳನ್ನು ಘಾತಿಸುವುದೇ ಹಿಂಸೆಯೆಂದು ಸೂತ್ರಕಾರರು ಹೇಳಿರುವುದನ್ನೂ ಅವರು ನೆರವಿಗೆ ಕರೆಯಬಹುದು. ಆದರೆ ಇದು ಅನಂತಕಾಯವೆಂದು ತಿಳಿದಿದೆ. ಪಕ್ಕದಲ್ಲಿಯೇ ಬಾಳೆಕಾಯಿ, ಕಡಲೆಬೀಜ, ಅವಲಕ್ಕಿಗಳಿವೆ. ಹಸಿವಿನಿಂದ ಪ್ರಾಣ ಹೋಗುವ ಸಂಕಟವೂ ಇಲ್ಲ. ಆದರೂ ಕೈ ಅದರ ಕಡೆಗೇ ಚಾಚುತ್ತದೆ. ಆ ಕೈಯನ್ನು ಚಾಚಿಸಿದ್ದು ಯಾವುದು? ನಿರ್ಲಿಪ್ತತೆಯಾಗಿದ್ದರೆ ಹತ್ತಿರದ್ದನ್ನೇ ಎತ್ತಿಕೊಳ್ಳುತ್ತಿತ್ತು. ತಿಳಿದೂ ಆರಿಸಿಕೊಳ್ಳುವುದೇ ಪ್ರಮಾದ. ಹೀಗೆ ಒಂದು ಖಾತೆಯನ್ನು ಮುಂದೊಡ್ಡಿ ಇನ್ನೊಂದರ ಸಾಲವನ್ನು ತೀರಿಸಲಾಗದು.

ಇನ್ನು ವ್ರತವೆಂದರೇನು ಎಂಬ ಮೂಲಪ್ರಶ್ನೆ. ಸಮಂತಭದ್ರರು ಅನಿಷ್ಟವಾದುದನ್ನು ಬಿಡು, ಸಜ್ಜನರು ಸೇವಿಸಬಾರದುದನ್ನು ಬಿಡು ಎಂದು ಹೇಳಿದ ಬಳಿಕ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದು ವ್ರತ. ಈ ಮಾತಿನ ಆಳವನ್ನು ನೋಡಬೇಕು. ಕರಿದ ಆಲೂಗಡ್ಡೆಯಲ್ಲಿ ಅಕ್ರಿಲಮೈಡ್ ಎಂಬ ಹಾನಿಕಾರಕ ವಸ್ತು ಹುಟ್ಟುತ್ತದೆಂದು ಸ್ವೀಡನ್ ದೇಶದ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಳ್ಳೆಯದಲ್ಲವೆಂದು ವೈದ್ಯರು ಹೇಳುತ್ತಾರೆ. ಅದಕ್ಕಾಗಿ ಬಿಟ್ಟರೆ ಬಿಟ್ಟದ್ದು ಒಳ್ಳೆಯದೇ, ಅದು ಅನಿಷ್ಟತ್ಯಾಗ. ಆದರೆ ನಾಳೆ ಹಾನಿಯಿಲ್ಲದ ಬಗೆಯೊಂದನ್ನು ವಿಜ್ಞಾನವು ಕಂಡುಹಿಡಿದರೆ ಆ ತ್ಯಾಗವು ಅಲ್ಲಿಗೇ ಮುಗಿಯುತ್ತದೆ. ನಮ್ಮ ನೋಂಪಿಗಳೆಲ್ಲ ಆರೋಗ್ಯಕ್ಕೆ ಹಿತವೆಂದು ವಾದಿಸಿ ಮಕ್ಕಳನ್ನು ಒಪ್ಪಿಸಹೊರಡುವ ಹಿರಿಯರು ಇದನ್ನು ಯೋಚಿಸಲಿ. ದೇಹದ ಲಾಭಕ್ಕೆ ಕಟ್ಟಿದ ವ್ರತವು ದೇಹದ ಲಾಭ ಬದಲಾದಾಗ ಬಿಚ್ಚಿಹೋಗುತ್ತದೆ.

ಸಂಕಲ್ಪದ ಬೆಲೆಯನ್ನು ಉತ್ತರಪುರಾಣದ ಖದಿರಸಾರನ ಕಥೆ ಮನಗಾಣಿಸುತ್ತದೆ. ಆತ ವಿಂಧ್ಯದ ಕಾಡಿನ ಬೇಡ. ಮಾಂಸವನ್ನು ಬಿಡಲಾರೆನೆಂದ ಅವನನ್ನು ಸಮಾಧಿಗುಪ್ತ ಮುನಿಗಳು ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಕೇಳಿದರು. ಇಲ್ಲವೆಂದನು. ಅದನ್ನಾದರೂ ಬಿಡು ಎಂದರು, ಒಪ್ಪಿದನು. ಎಂದೂ ಬಯಸದ ವಸ್ತುವನ್ನು ಬಿಡುವುದೇನು ದೊಡ್ಡದು ಎಂದು ನಮಗೆ ತೋರಬಹುದು. ಮುಂದೆ ಅವನು ರೋಗಪೀಡಿತನಾದಾಗ ವೈದ್ಯರು ಕಾಗೆಯ ಮಾಂಸವೇ ಮದ್ದೆಂದರು, ಬಂಧುಗಳು ಕಣ್ಣೀರಿಟ್ಟು ಬೇಡಿದರು. ಖದಿರಸಾರನು ಪ್ರಾಣವನ್ನು ಬಿಟ್ಟನು, ವ್ರತವನ್ನು ಬಿಡಲಿಲ್ಲ. ಅವನ ಜೀವವೇ ಮುಂದೆ ಶ್ರೇಣಿಕ ಮಹಾರಾಜನಾಗಿ ಹುಟ್ಟಿತು. ಕೊಟ್ಟ ದಿನ ಹಗುರವಾಗಿದ್ದ ಮಾತು ಪರೀಕ್ಷೆಯ ದಿನ ಪರ್ವತದಷ್ಟು ತೂಗಿತು. ಇಂದು ಮಗುವೊಂದು ತನಗೆ ಅಷ್ಟೇನೂ ಇಷ್ಟವಿಲ್ಲದ ತಿಂಡಿಯನ್ನು ಬಿಡುತ್ತೇನೆಂದರೆ ಅದನ್ನು ಹಗುರವಾಗಿ ಎಣಿಸದೆ ಗೌರವದಿಂದ ಕಾಣಬೇಕು. ಸಂಕಲ್ಪವನ್ನು ಹಿಡಿದು ನಿಲ್ಲುವ ಅಭ್ಯಾಸವೇ ಅಲ್ಲಿ ಬೆಳೆಯುತ್ತಿರುವ ಬೆಳೆ.

ಮೂರನೆಯ ವಿಚಾರವೊಂದಿದೆ, ಅದು ನಮ್ಮ ಉಪದೇಶಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುತ್ತದೆ. ಒಬ್ಬರ ವ್ರತದ ಭಾರ ಇನ್ನೊಬ್ಬರ ಹೆಗಲಿಗೆ ಬೀಳುತ್ತಿದೆಯೇ? ಮಾರ್ಗಶಿರದಲ್ಲಿ ನಮ್ಮ ಕಡೆ ಸೂರ್ಯಾಸ್ತ ಸುಮಾರು 6 ಗಂಟೆಗೆ. ಜ್ಯೇಷ್ಠಮಾಸಕ್ಕಿಂತ ಮುಕ್ಕಾಲು ಗಂಟೆ ಮೊದಲೇ ಹೊತ್ತು ಮುಳುಗುತ್ತದೆ. ಅಸ್ತಕ್ಕೆ ಒಂದು ಮುಹೂರ್ತ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನಿಯಮವುಳ್ಳವರು 5 ಗಂಟೆ 10 ನಿಮಿಷದ ಹೊತ್ತಿಗೆ ಕೈ ತೊಳೆದಿರಬೇಕು. ಮೈಸೂರಿಗೆ ಕೆಲಸಕ್ಕೆ ಹೋದವರು ಶ್ರೀರಂಗಪಟ್ಟಣದಲ್ಲೋ ಪಾಂಡವಪುರದಲ್ಲೋ ರೈಲಿಳಿಯುವಾಗ ದೀಪ ಹೊತ್ತಿರುತ್ತದೆ. ಅಂಥವರು ಬುತ್ತಿಯನ್ನು ಒಯ್ದು ಹಗಲಿನಲ್ಲೇ ಉಣ್ಣುವುದು ಮೇಲು. ಆ ಬುತ್ತಿಗಾಗಿ ನಸುಕಿನ ಚಳಿಯಲ್ಲಿ ಎದ್ದವರು ಯಾರು, ಸಂಜೆ ಮಕ್ಕಳಿಗೆ ಬೇರೆ, ಅತ್ತೆಮಾವಂದಿರಿಗೆ ಬೇರೆ, ಏಕಭುಕ್ತದವರಿಗೆ ಬೇರೆ ಅಡುಗೆ ಮಾಡಿ ಕೊನೆಗೆ ಹೊತ್ತು ಮೀರಿತೆಂದು ತಾನು ಉಣ್ಣದೆ ಮಲಗಿದವರು ಯಾರು ಎಂಬುದನ್ನು ಆ ಮನೆಯ ಯಜಮಾನರು ಕೇಳಿಕೊಳ್ಳಬೇಕು. ತಾನು ನಿಯಮ ಹಿಡಿದು, ಅದರ ಆಯಾಸವನ್ನೆಲ್ಲ ಮನೆಯ ಹೆಂಗಸರಿಗೆ ವಹಿಸಿದವನ ತಪಸ್ಸು ಅರ್ಧ ಪರರದು. ಅವರೆಯ ಸಿಪ್ಪೆ ಬಿಡಿಸುವ, ಹುಳುವನ್ನು ನೋಡುವ, ಹಿಟ್ಟಿನ ದಿನವನ್ನು ಎಣಿಸುವ ಕೆಲಸದಲ್ಲಿ ಗಂಡಸರ ಕೈಯೂ ಕೂಡಿದಾಗ ಅದು ಇಡೀ ಮನೆಯ ವ್ರತವಾಗುತ್ತದೆ.

ನೆರೆಯವರ ಮಾತೂ ಇದೇ ಬಗೆಯದು. ಪಕ್ಕದ ಮನೆಯ ಗೌಡರ ಮನೆಯಾಕೆ ಹಬ್ಬದ ಪ್ರೀತಿಯಿಂದ ಹಿತಕಿದ ಬೇಳೆಯ ಸಾರನ್ನು ಬಟ್ಟಲಲ್ಲಿ ತರುತ್ತಾಳೆ. ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿದ್ದಿರುತ್ತದೆ. ಮೂಗು ಮುರಿದು ಬೇಡವೆಂದರೆ ವ್ರತವು ಉಳಿದೀತು, ಅಹಿಂಸೆ ಉಳಿಯದು. ತಾಯೀ, ನಮ್ಮಲ್ಲಿ ಗಡ್ಡೆಗೆಣಸುಗಳನ್ನು ತಿನ್ನುವುದಿಲ್ಲ. ನೀವು ಬಿಡಿಸಿದ ಬೇಳೆಯನ್ನೇ ಒಂದು ಹಿಡಿ ಕೊಡಿ, ಆರಿಸಿ ನೋಡಿ ಬೇಯಿಸಿಕೊಂಡು ಉಣ್ಣುತ್ತೇವೆ ಎಂದರೆ ಆಕೆಯ ಪ್ರೀತಿಯೂ ಸಲ್ಲುತ್ತದೆ, ನಮ್ಮ ನಿಯಮವೂ ನಿಲ್ಲುತ್ತದೆ. ನಾನು ತಿನ್ನದುದನ್ನು ತಿನ್ನುವವರೆಲ್ಲ ಕೀಳೆಂಬ ಭಾವವು ನಾಲಗೆಯ ರುಚಿಗಿಂತ ಸೂಕ್ಷ್ಮವಾದ ಇನ್ನೊಂದು ರುಚಿ. ಮಾಯೆ, ಮಿಥ್ಯಾತ್ವ, ನಿದಾನ ಈ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಶಾಸ್ತ್ರ ಹೇಳುತ್ತದೆ. ಹೊರಗೆ ತ್ಯಾಗವನ್ನು ತೋರಿ ಒಳಗೆ ಹೊಗಳಿಕೆಯನ್ನು ಬಯಸುವುದು ಮಾಯಾಶಲ್ಯವಲ್ಲದೆ ಮತ್ತೇನು?

ಹಾಗಾದರೆ ಗೃಹಸ್ಥನು ಈ ಚಳಿಗಾಲದಲ್ಲಿ ಏನು ಮಾಡಬೇಕು? ಆಚಾರ್ಯರೇ ದಾರಿಯನ್ನು ತೋರಿದ್ದಾರೆ. ಜೀವವಿರುವವರೆಗೆ ಹಿಡಿಯುವುದು ಯಮ, ಕಾಲಮಿತಿಯಿಂದ ಹಿಡಿಯುವುದು ನಿಯಮ. ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಅಳತೆಗಳನ್ನೂ ಅವರು ಹೇಳಿದ್ದಾರೆ. ಅನಂತಕಾಯದ ತ್ಯಾಗವು ಯಮವಾಗಿಯೇ ಇರಲಿ; ಅಲ್ಲಿ ಪ್ರಾಣಗಳ ಪ್ರಶ್ನೆಯಿದೆ. ನಿರ್ದೋಷವಾದ ರುಚಿಗಳಿಗೆ ನಿಯಮ ಸಾಕು. ಈ ಹೇಮಂತದಲ್ಲಿ ವಾರಕ್ಕೆ ಒಂದೇ ಸಲ ಕರಿದ ತಿಂಡಿ, ಅದೂ ಮನೆಯಲ್ಲಿ, ಅದೂ ಹೊತ್ತು ಮುಳುಗುವ ಮುನ್ನ ಎಂದು ಮನೆಯವರೆಲ್ಲ ಕೂಡಿ ನಿಶ್ಚಯಿಸಬಹುದು. ಅಷ್ಟಮಿ ಚತುರ್ದಶಿಗಳಲ್ಲಿ ಅದೂ ಬೇಡ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತ್ಯನುಸಾರವೆಂಬ ಮಾತು ಸೇರಿದೆ. ಮುದುಕರು, ರೋಗಿಗಳು, ಬಸುರಿ ಬಾಣಂತಿಯರು, ಎಳೆಯ ಮಕ್ಕಳು ತಮ್ಮ ಅಳತೆಯನ್ನು ತಾವೇ ನಿಶ್ಚಯಿಸಲಿ. ಇನ್ನೊಬ್ಬರ ಅಳತೆಗೋಲಿನಿಂದ ಅವರನ್ನು ಅಳೆಯಬಾರದು.

ಹೀಗೆ ಅಳತೆಗೆ ತಂದಾಗ ಒಂದು ಸಂಗತಿ ತಾನಾಗಿ ತಿಳಿದುಬರುತ್ತದೆ. ತಳ್ಳುಗಾಡಿಯ ಮುಂದೆ ನಿಂತವರು ಸವಿಯುತ್ತಿದ್ದುದು ಬಹುಪಾಲು ಆಲೂಗಡ್ಡೆಯನ್ನಲ್ಲ. ಬೆಂಕಿಯ ಬಿಸುಪು, ದುಡಿಮೆ ಮುಗಿದ ಬಿಡುವು, ಗೆಳೆಯರ ಮಾತು, ತನ್ನ ಪೊಟ್ಟಣದಿಂದ ಇನ್ನೊಬ್ಬನಿಗೆ ನಾಲ್ಕು ಚೂರು ಕೊಡುವ ಸಲುಗೆ ಇವೇ ಆ ಸಂಜೆಯ ಸಾರ. ಇವುಗಳಲ್ಲಿ ಯಾವುದನ್ನೂ ಶಾಸ್ತ್ರ ನಿಷೇಧಿಸಿಲ್ಲ. ಇಳಿಹೊತ್ತಿನ ಬಿಸಿಲು ಇನ್ನೂ ಜಗಲಿಯ ಮೇಲಿರುವಾಗ ಹುರಿದ ಕಡಲೆಬೀಜವನ್ನೋ, ಬಾಳೆಕಾಯಿಯ ಬಜ್ಜಿಯನ್ನೋ, ಆರಿಸಿದ ಅವರೆಕಾಳಿನ ಉಸಲಿಯನ್ನೋ ಹಿತ್ತಾಳೆಯ ತಟ್ಟೆಯಲ್ಲಿಟ್ಟುಕೊಂಡು ಮನೆಯವರೂ ನೆರೆಯವರೂ ಕೂಡಿ ಕುಳಿತರೆ ಆ ಸುಖದ ತಿರುಳೆಲ್ಲ ಮನೆಗೇ ಬರುತ್ತದೆ. ಪ್ರಾಣಘಾತದ ಸಿಪ್ಪೆ ಬೀದಿಯಲ್ಲೇ ಉಳಿಯುತ್ತದೆ. ಮಕ್ಕಳ ಪ್ರಶ್ನೆಗೆ ಕೊಡಬಹುದಾದ ಉತ್ತರ ಇದು: ಮಗು, ಸಂತೋಷದಲ್ಲಿ ಪಾಪವಿಲ್ಲ; ಅದಕ್ಕೆ ಯಾರು ಬೆಲೆ ತೆರುತ್ತಾರೆ ಎಂದು ಕೇಳು, ಅದಿಲ್ಲದ ದಿನವೂ ನೀನು ನೆಮ್ಮದಿಯಾಗಿರಬಲ್ಲೆಯಾ ಎಂದು ಕೇಳು. ಎರಡಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ತಿನ್ನು.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನಡುನಡುವೆ ಅದನ್ನು ಬಿಟ್ಟು ನೋಡಲೇಬೇಕು. ಬಿಡದವನಿಗೆ ತನ್ನ ಅಂಟು ಎಷ್ಟೆಂದು ತಿಳಿಯುವ ಬಗೆಯೇ ಇಲ್ಲ. ಉಪವಾಸಗಳನ್ನು, ರಸತ್ಯಾಗಗಳನ್ನು ಹಿರಿಯರು ವರ್ಷದುದ್ದಕ್ಕೂ ಹರಡಿಟ್ಟಿರುವುದು ಈ ಪರೀಕ್ಷೆ ಮತ್ತೆ ಮತ್ತೆ ನಡೆಯಲೆಂದೇ. ಕಾರ್ತಿಕದ ಅಷ್ಟಾಹ್ನಿಕದಿಂದ ಫಾಲ್ಗುನದ ಅಷ್ಟಾಹ್ನಿಕದವರೆಗಿನ ತಿಂಗಳುಗಳು ನಮ್ಮ ಸೀಮೆಯಲ್ಲಿ ಸುಗ್ಗಿಯ, ಸಿಹಿಯ, ಬಿಸಿತಿಂಡಿಯ ತಿಂಗಳುಗಳು. ಎರಡು ಪರ್ವಗಳ ನಡುವಣ ಈ ಕಾಲವನ್ನು ಪ್ರತಿಯೊಂದು ಮನೆಯೂ ಒಂದು ಚಿಕ್ಕ ನಿಯಮದಿಂದ ಕಟ್ಟಿಕೊಳ್ಳಲಿ. ನಿಯಮ ಚಿಕ್ಕದಾದರೂ ಚಿಂತೆಯಿಲ್ಲ, ಹಿಡಿದದ್ದು ಕೈಜಾರದಿರಲಿ. ನಮ್ಮ ನಾಲಗೆಗಾಗಿ ನೊಂದ ಜೀವಗಳ ಎಣಿಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಲಿ. ಜಗಲಿಯ ಮೇಲೆ ಕೂಡಿ ಕುಳಿತವರ ಎಣಿಕೆ ಹೆಚ್ಚಾಗಲಿ.